ಮನೆಯ ಜಗಳವನ್ನು ರಂಗಕ್ಕೆ ತಂದ ಕೈಲಾಸಂ

ರಾಜ್ಯೋತ್ಸವದ ಸಂಚಿಕೆಯಲ್ಲಿ ನಾಡಿನ ಹಿರಿಯರೊಬ್ಬರ ಬಾಳನ್ನು ನೆನೆಯುವುದು ವಾಡಿಕೆ. ಈ ಸಲ ನಾವು ಶ್ರೀ ಟಿ. ಪಿ. ಕೈಲಾಸಂ ಅವರನ್ನು ಆರಿಸಿಕೊಂಡಿದ್ದೇವೆ. ಅವರು ಕನ್ನಡಿಗರನ್ನು ನಗಿಸಿದವರೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ನಗಿಸುತ್ತಲೇ ಅವರು ಮಧ್ಯಸ್ಥಿಕೆಯ ಕೆಲಸವನ್ನೂ ಮಾಡಿದರು; ಮನೆಯೊಳಗಿನ ವ್ಯಾಜ್ಯಗಳನ್ನು ರಂಗದ ಮೇಲೆ ತಂದು, ಎರಡು ಪಕ್ಷದವರಿಗೂ ತಮ್ಮ ತಮ್ಮ ಮುಖವನ್ನು ತೋರಿಸಿದರು. ಇದನ್ನು ನೆನೆಯುವವರು ಕಡಮೆ.

ತ್ಯಾಗರಾಜ ಪರಮಶಿವ ಕೈಲಾಸಂ 1884ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಪರಮಶಿವ ಅಯ್ಯರ್ ಅವರು ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಮನೆಮಾತು ತಮಿಳು. ಕೈಲಾಸಂ ಕಾಲೇಜು ವ್ಯಾಸಂಗಕ್ಕೆ ಬಂದದ್ದು ನಮ್ಮ ಈ ಊರಿನ ಪ್ರೆಸಿಡೆನ್ಸಿ ಕಾಲೇಜಿಗೆ. ಅಲ್ಲಿ ಭೂಗರ್ಭಶಾಸ್ತ್ರವನ್ನು ಓದಿ, 1908ರಲ್ಲಿ ಲಂಡನ್ನಿಗೆ ಹೋಗಿ, ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಅದನ್ನೇ ಮುಂದುವರಿಸಿದರು. ಆ ಮಹಾನಗರದ ನಾಟಕಶಾಲೆಗಳು ಅವರಿಗೆ ಎರಡನೆಯ ವಿದ್ಯಾಲಯವಾದವು. 1915ರಲ್ಲಿ ಹಿಂದಿರುಗಿ ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರೂ ಅಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಕಲ್ಲಿನ ಪದರಗಳಿಗಿಂತ ಮನುಷ್ಯರ ಮನಸ್ಸಿನ ಪದರಗಳೇ ಅವರನ್ನು ಹೆಚ್ಚಾಗಿ ಸೆಳೆದವು.

ಆಗಿನ ಕನ್ನಡ ರಂಗಭೂಮಿಯಲ್ಲಿ ಕಂಪನಿ ನಾಟಕಗಳದೇ ದರ್ಬಾರು. ಕಿರೀಟ ಧರಿಸಿದ ರಾಜರು, ಪುರಾಣದ ಕಥೆ, ರಾತ್ರಿಯಿಡೀ ಹಾಡು. ಕೈಲಾಸಂ ಅವರು ಕಿರೀಟವನ್ನು ಬದಿಗಿಟ್ಟು ಬೆಂಗಳೂರಿನ ಮಧ್ಯಮ ವರ್ಗದ ಮನೆಯ ನಡುಮನೆಯನ್ನೇ ರಂಗದ ಮೇಲೆ ತಂದರು. ಇಂಗ್ಲಿಷ್ ಬೆರೆತ ಮನೆಯ ಮಾತೇ ಪಾತ್ರಗಳ ಮಾತಾಯಿತು. ವರದಕ್ಷಿಣೆಯ ಪಿಡುಗಿಗೆ ‘ತಾಳಿ ಕಟ್ಟೋಕ್ಕೂಲೀನೇ?’ ಬಂದಿತು. ಜಾತಿಯ ಕಟ್ಟುಪಾಡು ಒಂದು ಸಂಸಾರವನ್ನು ಹೇಗೆ ಹಿಂಡುತ್ತದೆಂಬುದನ್ನು ‘ಬಹಿಷ್ಕಾರ’ ತೋರಿಸಿತು. ಎಲ್ಲರೂ ಪೋಲಿಯೆಂದು ತಳ್ಳಿಬಿಟ್ಟ ಹುಡುಗನ ಒಳ್ಳೆಯತನವನ್ನು ‘ಪೋಲಿ ಕಿಟ್ಟಿ’ ಸ್ಕೌಟು ಹುಡುಗರ ನಡುವೆ ಬೆಳಕಿಗೆ ತಂದಿತು.

ಇವುಗಳಲ್ಲೆಲ್ಲ ನಮಗೆ ಇಂದಿಗೂ ಹತ್ತಿರವಾದದ್ದು 1918ರ ‘ಟೊಳ್ಳುಗಟ್ಟಿ’. ಒಂದೇ ಮನೆಯಲ್ಲಿ ಇಬ್ಬರು ಹುಡುಗರು. ಪುಟ್ಟು ಪುಸ್ತಕದ ಹುಳು, ಪರೀಕ್ಷೆಯಲ್ಲಿ ಮೊದಲಿಗ, ತಂದೆಯ ಕಣ್ಮಣಿ. ಮಾಧು ಪರೀಕ್ಷೆಯಲ್ಲಿ ಹಿಂದೆ, ಆದರೆ ಮನೆಯವರ ಕಷ್ಟಕ್ಕೆ ಮುಂದೆ. ಮನೆಗೆ ಆಪತ್ತು ಬಂದ ಹೊತ್ತಿನಲ್ಲಿ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಗೊತ್ತಾಗುತ್ತದೆ. ನೋಡಲು ಬಂದ ತಂದೆಗೆ ನೀನು ತಪ್ಪಿತಸ್ಥನೆಂದು ಯಾರೂ ಹೇಳುವುದಿಲ್ಲ. ಅವನು ಬೇರೊಬ್ಬ ತಂದೆಯನ್ನು ನೋಡಿ ನಗುತ್ತಾನೆ. ನಗು ಮುಗಿಯುವ ಹೊತ್ತಿಗೆ ತನ್ನ ಮಗನ ನೆನಪಾಗುತ್ತದೆ. ಮಧ್ಯಸ್ಥನಾದವನು ಮಾಡಬೇಕಾದ ಮೊದಲ ಕೆಲಸ ಇದೇ ಅಲ್ಲವೇ?

ಇಂಗ್ಲಿಷಿನಲ್ಲಿ ಬರೆದ ‘ದಿ ಪರ್ಪಸ್’ ನಾಟಕದಲ್ಲಿ ಅವರು ಗುರುಶಿಷ್ಯರ ಇಕ್ಕಟ್ಟನ್ನು ಎತ್ತಿಕೊಂಡರು. ಅರ್ಜುನನಿಗೆ ಎಲ್ಲರಿಗಿಂತ ದೊಡ್ಡ ಬಿಲ್ಲುಗಾರನಾಗುವ ಹಂಬಲ. ಏಕಲವ್ಯನಿಗೆ ತೋಳಗಳಿಂದ ಜಿಂಕೆಮರಿಗಳನ್ನು ಉಳಿಸುವ ಹಂಬಲ. ವಿದ್ಯೆ ಏತಕ್ಕೆ ಎಂಬ ಪ್ರಶ್ನೆ ಇವತ್ತಿನ ಶಾಲೆಗೂ ತಪ್ಪಿದ್ದಲ್ಲ.

ಕೈಲಾಸಂ ಅವರ ಸ್ವಂತ ಬಾಳು ಅಚ್ಚುಕಟ್ಟಾದದ್ದೇನೂ ಅಲ್ಲ. ಹಣ ಕೂಡಿಡಲಿಲ್ಲ. ಕೂತು ಬರೆಯುವ ಶಿಸ್ತೂ ಇರಲಿಲ್ಲ. ನಾಟಕಗಳನ್ನು ತಲೆಯಲ್ಲೇ ಕಟ್ಟಿ ಬಾಯಲ್ಲಿ ಹೇಳುತ್ತಿದ್ದರು, ಶಿಷ್ಯರು ಬರೆದುಕೊಳ್ಳುತ್ತಿದ್ದರು. ಹಾಗಿದ್ದರೂ ನಾಡು ಅವರನ್ನು ಮರೆಯಲಿಲ್ಲ. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮದರಾಸಿನಲ್ಲಿಯೇ ಸೇರಿದಾಗ ಅವರೇ ಅಧ್ಯಕ್ಷರಾದರು. ತಮಿಳು ಮನೆಮಾತಿನ ಕನ್ನಡ ನಾಟಕಕಾರರು ತಮಿಳರ ನಗರದಲ್ಲಿ ಕನ್ನಡದ ಅತ್ಯುಚ್ಚ ಪೀಠದಲ್ಲಿ ಕುಳಿತದ್ದು ಇಲ್ಲಿ ನೆಲೆಸಿದ ನಮಗೆಲ್ಲ ಹೆಮ್ಮೆಯ ಸಂಗತಿ. ಮರುವರ್ಷ, 1946ರ ನವೆಂಬರಿನಲ್ಲಿ, ಅವರು ತೀರಿಕೊಂಡರು.

ಕೈಲಾಸಂ ಅವರಲ್ಲಿ ಪ್ರೇಕ್ಷಕರು ಕುಳಿತು ನೋಡಿದರು. ಮುಂದೆ ಅವರು ಎದ್ದು ರಂಗಕ್ಕೇ ಬಂದರು. ಬ್ರೆಜಿಲ್ ದೇಶದ ಅಗಸ್ಟೋ ಬೋಆಲ್ ಎಂಬ ರಂಗತಜ್ಞರು 1970ರ ದಶಕದಲ್ಲಿ ಒಂದು ಕ್ರಮವನ್ನು ರೂಪಿಸಿದರು. ಜಗಳ ಮುರಿದುಬೀಳುವ ಘಟ್ಟದವರೆಗೆ ಆಟವಾಡುತ್ತಾರೆ. ಎರಡನೆಯ ಸಲ ಆಡುವಾಗ ನೋಡುವವರಲ್ಲಿ ಒಬ್ಬರು ತಡೆದು, ಒಂದು ಪಾತ್ರದ ಜಾಗದಲ್ಲಿ ತಾವೇ ನಿಂತು ಬೇರೆ ದಾರಿಯನ್ನು ಪರೀಕ್ಷಿಸುತ್ತಾರೆ. ಇಂದು ಶಾಲೆಗಳಲ್ಲಿಯೂ ಬಡಾವಣೆಗಳಲ್ಲಿಯೂ ಮನಸ್ತಾಪ ತೀರಿಸಲು ಹಲವು ದೇಶಗಳು ಇದನ್ನು ಬಳಸುತ್ತಿವೆ. ನಮ್ಮ ನಾಡಿನಲ್ಲಿಯೂ 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ, 1989ರಲ್ಲಿ ಹುಟ್ಟಿದ ಮೈಸೂರಿನ ರಂಗಾಯಣ ನಾಟಕವನ್ನು ಹಳ್ಳಿಗೂ ಮಕ್ಕಳಿಗೂ ಒಯ್ದವು.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ವೆಸ್ಟ್ ಮಾಂಬಲಂನ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬೆಳೆಯುತ್ತಾರೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಮೂರು ಭಾಷೆಯಲ್ಲೂ ಮಾತು ನಿಂತುಹೋಗುವ ಮನೆಗಳುಂಟು. ಮಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ತಂದೆ ವೃತ್ತಪತ್ರಿಕೆಯ ಹಿಂದೆ ಅಡಗುತ್ತಾರೆ. ತಾಯಿ ನಡುವೆ ನಿಂತು ನೋಯುತ್ತಾಳೆ. ಈ ಮೌನ ಬೆಳೆಯಬಾರದು.

ಬರುವ ವರ್ಷದ ಉತ್ಸವಕ್ಕೆ ‘ಟೊಳ್ಳುಗಟ್ಟಿ’ಯ ಜಾಡಿನಲ್ಲಿ ಪುಟ್ಟದೊಂದು ದೃಶ್ಯವನ್ನು ಮಕ್ಕಳೇ ಕಟ್ಟಲಿ. ಅರ್ಧದಲ್ಲಿ ನಿಲ್ಲಿಸಿ, ತಂದೆಯ ಪಾತ್ರ ಮಗನಿಗೆ, ಮಗನ ಪಾತ್ರ ತಂದೆಗೆ ಕೊಡೋಣ. ನಡೆಸಲು ಎಲ್ಲರೂ ನಂಬುವ ಹಿರಿಯರೊಬ್ಬರು ಸೂತ್ರಧಾರರಾಗಲಿ. ಅವರು ತೀರ್ಪು ಕೊಡಬಾರದು, ಮುಂದೇನು ಮಾಡಬಹುದೆಂದು ಮಾತ್ರ ಕೇಳಬೇಕು. ಯಾವ ಮನೆಯ ನಿಜವಾದ ಕಥೆಯನ್ನೂ ಹೆಸರಿಟ್ಟು ಆಡಬಾರದು. ಹೊಡೆತ ಬಡಿತ ನಡೆಯುವ ಮನೆಗೆ ನಾಟಕ ಮದ್ದಲ್ಲ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಮಾತು ಕಳೆದುಕೊಂಡ ಮನೆಗೆ ಮಾತ್ರ ಇದು ಮಾತಿನ ಬಾಗಿಲು ತೆರೆದೀತು.

ಕೈಲಾಸಂ ಅವರ ಪಟಕ್ಕೆ ಹಾರ ಹಾಕುವುದು ಸುಲಭ. ಅಂಕಪಟ್ಟಿ ಬಂದ ಸಂಜೆ ತಂದೆಮಕ್ಕಳು ಒಟ್ಟಿಗೆ ಊಟಕ್ಕೆ ಕೂರುವಂತೆ ಮಾಡಿದರೆ ಅದೇ ನಾವು ಆ ಹಿರಿಯರಿಗೆ ಸಲ್ಲಿಸುವ ಗೌರವ.