ಗ್ಯಾಸ್ಟನ್ ಪ್ಲಾಂಟೆ

ಗ್ಯಾಸ್ಟನ್ ಪ್ಲಾಂಟೆ (22 ಏಪ್ರಿಲ್ 1834 – 21 ಮೇ 1889) ಫ್ರಾನ್ಸ್ ದೇಶದ ಭೌತವಿಜ್ಞಾನಿ. 1859ರಲ್ಲಿ ಸೀಸ-ಆಮ್ಲ ಬ್ಯಾಟರಿಯನ್ನು ಕಂಡುಹಿಡಿದವರು. ಬಳಸಿ ಬರಿದಾದ ಮೇಲೆ ಮತ್ತೆ ಚಾರ್ಜ್ ಮಾಡಿ ಉಪಯೋಗಿಸಬಹುದಾದ, ವಾಣಿಜ್ಯ ಬಳಕೆಗೆ ಬಂದ ಮೊದಲ ಬಗೆಯ ಬ್ಯಾಟರಿ ಇದೇ. ಇಂದಿನ ವಾಹನ ಮತ್ತು ಇನ್ವರ್ಟರ್ ಬ್ಯಾಟರಿಗಳಲ್ಲಿ ಹೆಚ್ಚಿನವು ಇದರ ಸುಧಾರಿತ ರೂಪಗಳಾಗಿವೆ.

ಜನನ ಮತ್ತು ವೃತ್ತಿ

ಪ್ಲಾಂಟೆ ನೈಋತ್ಯ ಫ್ರಾನ್ಸಿನ ಓರ್ಥೆಜ್ ಪಟ್ಟಣದಲ್ಲಿ ಜನಿಸಿದರು. ಪ್ರಸಿದ್ಧ ಪಿಯಾನೋ ವಾದಕ ಫ್ರಾನ್ಸಿಸ್ ಪ್ಲಾಂಟೆ ಇವರ ತಮ್ಮ. 1854ರಲ್ಲಿ ಪ್ಯಾರಿಸ್ಸಿನ ಕಲೆ ಮತ್ತು ಕೈಗಾರಿಕೆಗಳ ಸಂಸ್ಥೆಯಲ್ಲಿ ಭೌತವಿಜ್ಞಾನದ ಸಹಾಯಕರಾಗಿ ಸೇರಿದರು. 1855ರಲ್ಲಿ ಪ್ಯಾರಿಸ್ ಬಳಿಯ ಮ್ಯೂಡಾನ್‌ನಲ್ಲಿ, ಹಾರಲಾರದ ಬೃಹತ್ ಪಕ್ಷಿಯೊಂದರ ಪಳೆಯುಳಿಕೆಯನ್ನು ಪತ್ತೆಹಚ್ಚಿದರು. ಅವರ ಗೌರವಾರ್ಥ ಆ ಪಕ್ಷಿಗೆ ಗ್ಯಾಸ್ಟಾರ್ನಿಸ್ ಎಂಬ ಹೆಸರನ್ನಿಡಲಾಯಿತು.

ಸೀಸ-ಆಮ್ಲ ಬ್ಯಾಟರಿ

ಆಮ್ಲದ್ರಾವಣದ ಮೂಲಕ ವಿದ್ಯುತ್ ಹರಿದಾಗ ಲೋಹದ ಫಲಕಗಳಲ್ಲಿ ಉಂಟಾಗುವ ಧ್ರುವೀಕರಣವನ್ನು ಪ್ಲಾಂಟೆ ಅಭ್ಯಸಿಸುತ್ತಿದ್ದರು. ಇತರರು ದೋಷವೆಂದು ಕಂಡ ಈ ಪರಿಣಾಮವು ಸೀಸದಲ್ಲಿ ಪ್ರಬಲವಾಗಿಯೂ ದೀರ್ಘಕಾಲ ಉಳಿಯುವಂತೆಯೂ ಇರುವುದನ್ನು ಅವರು ಗಮನಿಸಿದರು. ಸೀಸದ ಎರಡು ತೆಳು ಹಾಳೆಗಳ ನಡುವೆ ಬಟ್ಟೆಯನ್ನಿಟ್ಟು, ಸುರುಳಿ ಸುತ್ತಿ, ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿ ಮೊದಲ ಕೋಶವನ್ನು ರಚಿಸಿದರು. 1860ರಲ್ಲಿ ಒಂಬತ್ತು ಕೋಶಗಳ ಬ್ಯಾಟರಿಯನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಪ್ರದರ್ಶಿಸಿದರು.

ಹೊಸ ಕೋಶದ ಧಾರಣಶಕ್ತಿ ಅತ್ಯಲ್ಪವಾಗಿತ್ತು. ಅದನ್ನು ಪದೇ ಪದೇ ಚಾರ್ಜ್ ಮಾಡಿ, ಬರಿದುಮಾಡಿ, ನಡುನಡುವೆ ವಿಶ್ರಾಂತಿ ಕೊಟ್ಟಾಗ ಸೀಸದ ಮೇಲ್ಮೈ ಸರಂಧ್ರವಾಗಿ ಧಾರಣಶಕ್ತಿ ಹೆಚ್ಚುತ್ತಿತ್ತು. ಫಲಕಗಳನ್ನು ಹೀಗೆ ಸಿದ್ಧಗೊಳಿಸುವ ಕ್ರಿಯೆಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಸಮರ್ಪಕ ಡೈನಮೋ ಇಲ್ಲದ ಆ ಕಾಲದಲ್ಲಿ ಚಾರ್ಜ್ ಮಾಡಲು ಸಾಮಾನ್ಯ ರಾಸಾಯನಿಕ ಕೋಶಗಳನ್ನೇ ಅವಲಂಬಿಸಬೇಕಿತ್ತು. ಇದರಿಂದಾಗಿ ಈ ಆವಿಷ್ಕಾರವು ಎರಡು ದಶಕಗಳ ಕಾಲ ಬಹುಮಟ್ಟಿಗೆ ಪ್ರಯೋಗಶಾಲೆಗೆ ಸೀಮಿತವಾಗಿತ್ತು. ಡೈನಮೋ ಬಳಕೆಗೆ ಬಂದ ನಂತರ, 1881ರ ವೇಳೆಗೆ ಕಾಮಿಲ್ ಫೋರ್ ಸೀಸದ ಆಕ್ಸೈಡಿನ ಲೇಪವನ್ನು ಹಚ್ಚಿದ ಫಲಕಗಳನ್ನು ತಯಾರಿಸಿದರು. ಇದರಿಂದ ಸಿದ್ಧತೆಯ ಅವಧಿ ಬಹಳ ಕಡಿಮೆಯಾಗಿ ಕೈಗಾರಿಕಾ ಉತ್ಪಾದನೆ ಸಾಧ್ಯವಾಯಿತು.

ಬ್ಯಾಟರಿಯ ಸ್ಥಿತಿ ಮತ್ತು ಆಯುಷ್ಯ

ಪ್ಲಾಂಟೆ ಕೋಶದ ರಸಾಯನಕ್ರಿಯೆಯೇ ಅದರ ಸ್ಥಿತಿಯನ್ನು ಅಳೆಯುವ ಮಾರ್ಗವನ್ನೂ ಒದಗಿಸುತ್ತದೆ. ಕೋಶವು ಬರಿದಾಗುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಉಂಟಾಗುತ್ತದೆ. ಆಮ್ಲ ವ್ಯಯವಾಗಿ ನೀರು ಉತ್ಪತ್ತಿಯಾಗುತ್ತದೆ. ಆದ್ದರಿಂದ ದ್ರಾವಣದ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆದು ಉಳಿದಿರುವ ಚಾರ್ಜನ್ನು ಅಂದಾಜು ಮಾಡಬಹುದು. ವಾಹನ ಬ್ಯಾಟರಿ ಪೂರ್ಣ ಚಾರ್ಜ್ ಆಗಿರುವಾಗ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.26ರ ಆಸುಪಾಸಿನಲ್ಲಿರುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಧಾರಣಶಕ್ತಿ ಕುಗ್ಗುತ್ತದೆ.

ಆದರೆ ಈ ಅಳತೆ ಚಾರ್ಜನ್ನು ಸೂಚಿಸುತ್ತದೆಯೇ ಹೊರತು ಉಳಿದ ಆಯುಷ್ಯವನ್ನಲ್ಲ. ಅದಕ್ಕಾಗಿ ಪೂರ್ಣ ಚಾರ್ಜ್ ಆದ ಬ್ಯಾಟರಿಯನ್ನು ನಿಗದಿತ ಪ್ರವಾಹದಲ್ಲಿ ಬರಿದುಮಾಡಿ, ದೊರೆತ ಧಾರಣಶಕ್ತಿಯನ್ನು ಮೂಲ ಧಾರಣಶಕ್ತಿಯೊಡನೆ ಹೋಲಿಸಲಾಗುತ್ತದೆ. ಅದು ಶೇ. 80ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಬ್ಯಾಟರಿಯನ್ನು ಬದಲಿಸಲಾಗುತ್ತದೆ. ಶುದ್ಧ ಸೀಸದ ಪ್ಲಾಂಟೆ ಮಾದರಿಯ ಫಲಕಗಳುಳ್ಳ ಕೋಶಗಳು ದೀರ್ಘ ಬಾಳಿಕೆಗೆ ಹೆಸರಾಗಿದ್ದು, ಉತ್ತಮ ನಿರ್ವಹಣೆಯಲ್ಲಿ 20 ವರ್ಷಗಳಿಗೂ ಹೆಚ್ಚು ಕಾಲ ಕೆಲಸ ಮಾಡಬಲ್ಲವು. ವಿದ್ಯುತ್ ಕೇಂದ್ರಗಳಲ್ಲಿ ಮತ್ತು ದೂರವಾಣಿ ಕೇಂದ್ರಗಳಲ್ಲಿ ತುರ್ತು ಪೂರೈಕೆಗಾಗಿ ಇವುಗಳನ್ನು ಬಳಸಲಾಗಿದೆ.

ಇತರ ಸಂಶೋಧನೆಗಳು

ನೂರಾರು ಕೋಶಗಳನ್ನು ಜೋಡಿಸಿ ಅಧಿಕ ವೋಲ್ಟೇಜ್ ಪಡೆದ ಪ್ಲಾಂಟೆ, ಅದರ ನೆರವಿನಿಂದ ಮಿಂಚು ಮೊದಲಾದ ವಾತಾವರಣದ ವಿದ್ಯಮಾನಗಳನ್ನು ಪ್ರಯೋಗಶಾಲೆಯಲ್ಲಿ ಅನುಕರಿಸಲು ಯತ್ನಿಸಿದರು. ವಿದ್ಯುತ್ತಿನ ಕುರಿತ ಅವರ ಸಂಶೋಧನೆಗಳ ಗ್ರಂಥ 1879ರಲ್ಲಿ ಪ್ರಕಟವಾಯಿತು.

ನಿಧನ ಮತ್ತು ಗೌರವ

ಪ್ಲಾಂಟೆ 1889ರಲ್ಲಿ ತಮ್ಮ 55ನೆಯ ವಯಸ್ಸಿನಲ್ಲಿ ನಿಧನರಾದರು. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. ಬಲ್ಗೇರಿಯಾದ ವಿಜ್ಞಾನ ಅಕಾಡೆಮಿ 1989ರಲ್ಲಿ ಅವರ ಹೆಸರಿನ ಪದಕವನ್ನು ಸ್ಥಾಪಿಸಿದ್ದು, ಸೀಸ-ಆಮ್ಲ ಬ್ಯಾಟರಿಯ ಅಭಿವೃದ್ಧಿಗೆ ಶ್ರಮಿಸಿದ ವಿಜ್ಞಾನಿಗಳಿಗೆ ಅದನ್ನು ನೀಡಲಾಗುತ್ತದೆ.