ಪಂಡಿತೆ ರಮಾಬಾಯಿಯವರೂ ಮುಕ್ತಿಸದನದ ಹೆಣ್ಣುಮಕ್ಕಳೂ

ವನದುರ್ಗ, ಶಹಾಪುರ, ಸುರಪುರ ಸೀಮೆಯ ಸಭೆಗಳ ಪ್ರಿಯರೇ, ಯಾದಗಿರಿಯಲ್ಲಿ ರೈಲುಬಂಡಿಯನ್ನೇರಿ ಕಲಬುರ್ಗಿ, ಸೊಲ್ಲಾಪುರಗಳನ್ನು ದಾಟಿ ಪೂನಾ ಪಟ್ಟಣಕ್ಕೆ ಹೋಗುವವರು ಆ ಪಟ್ಟಣಕ್ಕೆ ಮೊದಲು ಕೇಡಗಾಂವ ಎಂಬ ಚಿಕ್ಕ ಠಾಣ್ಯವನ್ನು ಕಾಣುವರು. ವಂಚಿಸಲ್ಪಟ್ಟ ಸಾವಿರಾರು ಹೆಣ್ಣುಮಕ್ಕಳಿಗೆ ಅಲ್ಲಿ ತಾಯಿಯಾಗಿದ್ದ ಪಂಡಿತೆ ರಮಾಬಾಯಿಯವರ ಚರಿತ್ರೆಯನ್ನು ಈ ತಿಂಗಳು ನಿಮಗೆ ತಿಳಿಸುತ್ತೇವೆ.

ಆಕೆಯು 1858ರಲ್ಲಿ ನಮ್ಮ ಕನ್ನಡ ನಾಡಿನ ಸಹ್ಯಾದ್ರಿಯೊಳಗಿನ ಗಂಗಾಮೂಲವೆಂಬ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದರಿಂದ ಸ್ವಜನರ ನಿಂದೆಗೆ ಗುರಿಯಾದರು. ಕ್ಷಾಮದಲ್ಲಿ ತಂದೆತಾಯಿಗಳೂ ಅಕ್ಕನೂ ತೀರಿಹೋದ ಮೇಲೆ ಅಣ್ಣನೊಡನೆ ಕಾಲ್ನಡೆಯಾಗಿ ಊರೂರು ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಪಂಡಿತೆ ಎಂಬ ಬಿರುದನ್ನಿತ್ತರು. ಅಣ್ಣನೂ ಗಂಡನೂ ಬೇಗನೆ ಮೃತರಾಗಲು, ಮಗಳಾದ ಮನೋರಮೆಯೊಡನೆ ಇಂಗ್ಲೆಂಡಿಗೆ ಹೋಗಿ 1883ರಲ್ಲಿ ಸ್ನಾನದೀಕ್ಷೆಯನ್ನು ಹೊಂದಿದರು. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪೂನಾಕ್ಕೆ ಹೋಯಿತು. 1893ರಲ್ಲಿ, ಕೆಲವು ಹುಡುಗಿಯರು ಆಕೆಯ ಪ್ರಾರ್ಥನೆಗೆ ಬರುತ್ತಾರೆಂದು ತಿಳಿದು ಅನೇಕ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರನ್ನು ನಾವು ಬಹಳವಾಗಿ ದೂರುವದಿಲ್ಲ. ಭಯವು ಎಲ್ಲಾ ಜಾತಿಯ ತಂದೆತಾಯಿಗಳಿಗೂ ಒಂದೇ.

ಹೆಣ್ಣುಮಕ್ಕಳು ಹೇಗೆ ಸೆರೆಸಿಕ್ಕುತ್ತಾರೆಂಬದನ್ನು ಆಕೆಯು ಯಾತ್ರಿಕಳ ವೇಷದಲ್ಲಿ ವೃಂದಾವನಕ್ಕೆ ಹೋಗಿ ಕಣ್ಣಾರೆ ಕಂಡರು. ಅಲ್ಲಿ ಬಲಾತ್ಕಾರವು ಮೊದಲು ಬರುತ್ತಿರಲಿಲ್ಲ. ಸವಿಮಾತೇ ಮೊದಲು ಬರುತ್ತಿತ್ತು. ಪೂಜಾರಿಗಳ ಕಡೆಯ ಜನರು ದೂರದ ಹಳ್ಳಿಗಳಿಗೆ ಹೋಗಿ ಮನೆಯವರಿಗೆ ಬೇಡವಾದ ಎಳೆಯ ವಿಧವೆಯರಿಗೆ ಪುಣ್ಯವನ್ನೂ ನೆಮ್ಮದಿಯನ್ನೂ ತೋರಿಸಿ ಕರೆತರುತ್ತಿದ್ದರು. ಕೈಯಲ್ಲಿದ್ದ ಹಣವು ತೀರಿದ ಮೇಲೆ ಅವರಿಗೆ ಹಿಂದಿರುಗುವ ದಾರಿಯಿರಲಿಲ್ಲ. 1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಘೋರ ಕ್ಷಾಮವುಂಟಾದಾಗಲೂ ಹೀಗೆಯೇ ಆಯಿತು. ಹಸಿದ ಹುಡುಗಿಯರಿಗೆ ರೊಟ್ಟಿಯನ್ನು ತೋರಿಸಿ ಕರೆದುಕೊಂಡು ಹೋಗುವ ದುಷ್ಟ ಸ್ತ್ರೀಪುರುಷರು ಅಲ್ಲಿ ತಿರುಗುತ್ತಿದ್ದರು. ತಾನೇ ಹಸಿವನ್ನು ಉಂಡಿದ್ದ ರಮಾಬಾಯಿಯವರು ಸುಮ್ಮನಿರಲಾರದೆ ಹೊರಟು ಸುಮಾರು 300 ಹುಡುಗಿಯರನ್ನು ತಂದರು. ಪೂನಾದಲ್ಲಿ ಮಹಾಮಾರಿಯ ನಿರ್ಬಂಧವಿದ್ದದರಿಂದ ಅವರನ್ನು ಕೇಡಗಾಂವದ ಹೊಲದಲ್ಲಿ ಗುಡಿಸಲುಗಳಲ್ಲಿಯೂ ಡೇರೆಗಳಲ್ಲಿಯೂ ಇರಿಸಬೇಕಾಯಿತು. ಮುಕ್ತಿಸದನದ ಆರಂಭವು ಇದೇ.

ವಾಚಕರೇ, ಬಾಗಿಲು ತೆರೆದ ದಿನವೇ ಸೆರೆಯು ಮುಗಿಯಿತೆಂದು ಭಾವಿಸಬೇಡಿರಿ. ಬಂದ ಮಕ್ಕಳು ಕೃತಜ್ಞತೆಯಿಂದ ಕೈಮುಗಿಯಲಿಲ್ಲ. ಅವರ ಮೈಮೇಲೆ ಹುಣ್ಣುಗಳಿದ್ದವು. ಕದಿಯುತ್ತಿದ್ದರು, ಬೈಯುತ್ತಿದ್ದರು, ಸುಳ್ಳಾಡುತ್ತಿದ್ದರು, ಯಾರನ್ನೂ ನಂಬುತ್ತಿರಲಿಲ್ಲ. ನಂಬುವದಾದರೂ ಹೇಗೆ? ಮುಂಚೆ ಅನ್ನ ಕೊಟ್ಟ ಕೈಯೇ ಕೆಲವರನ್ನು ಮಾರಿತ್ತು! ಇದನ್ನು ರಮಾಬಾಯಿಯವರು ಬಲ್ಲವರಾಗಿದ್ದರು. ಶಾರದಾಸದನದಲ್ಲಿ ಓದಿದ್ದ ವಿಧವೆಯರು ಮುಂದೆ ಬಂದು ಈ ಮಕ್ಕಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅವರು ಮಕ್ಕಳಿಗೆ ಸ್ನಾನ ಮಾಡಿಸಿ, ಹುಣ್ಣು ತೊಳೆದು, ಅಕ್ಷರ ಕಲಿಸಿದರು. ನೋವನ್ನುಂಡವಳೇ ನೋವಿನವಳಿಗೆ ಅಕ್ಕನಾದಳು. ಜೊತೆಗೆ ಕೈಗೆ ಕೆಲಸವಿತ್ತು: ನೇಯುವದು, ಎಣ್ಣೆ ತೆಗೆಯುವದು, ಹೈನು, ತೋಟ, ಹೊಲಿಗೆ, ಅಡಿಗೆ. ನೆಟ್ಟದ್ದು ಚಿಗುರುವದನ್ನೂ ನೆಯ್ದದ್ದು ಸೀರೆಯಾಗುವದನ್ನೂ ಕಂಡ ಹುಡುಗಿಗೆ ತಾನು ಕೆಟ್ಟುಹೋದ ವಸ್ತುವಲ್ಲವೆಂದು ಬೋಧೆಯಿಲ್ಲದೆಯೇ ತಿಳಿಯುತ್ತದೆಂಬದು ನಮ್ಮ ಅಭಿಪ್ರಾಯ. ಕೆಲವರಿಗೆ ಇದಕ್ಕೆ ವರ್ಷಗಳೇ ಹಿಡಿದವು, ಓಡಿಹೋದವರೂ ಇದ್ದರು.

ಮಾನಗೆಟ್ಟವರೆಂದು ಲೋಕವು ಬಾಗಿಲು ಮುಚ್ಚಿದ ಸ್ತ್ರೀಯರಿಗಾಗಿ ಆಕೆಯು ಕೃಪಾಸದನವನ್ನು ಬೇರೆಯಾಗಿ ಕಟ್ಟಿಸಿದರು. ನಮ್ಮ ಸೀಮೆಯಲ್ಲಿಯೂ ಬಡವರ ಎಳೆಯ ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿಯಿದ್ದದನ್ನು ಹಿರಿಯರು ಬಲ್ಲರು. ಅದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1982ರಲ್ಲಿ ಆಯಿತು. ಅಂಥ ಮನೆಯಿಂದ ಬಂದ ಸಹೋದರಿಯು ಆರಾಧನೆಯಲ್ಲಿ ಹಿಂದಿನ ಸಾಲಿನಲ್ಲಿಯೇ ಕೂತಿರುವದನ್ನು ನಾವು ಕಂಡಿದ್ದೇವೆ. ಆಕೆಯು ಅಲ್ಲಿ ಕೂತದ್ದು ತನ್ನ ಇಷ್ಟದಿಂದಲೋ ನಮ್ಮ ನೋಟದಿಂದಲೋ? ತೋಳವು ಹಿಡಿದದ್ದು ಕುರಿಮರಿಯ ತಪ್ಪೆಂದು ಯಾವ ಕುರುಬನೂ ಹೇಳುವದಿಲ್ಲ.

1900ರ ಗುಜರಾತಿನ ಕ್ಷಾಮದ ತರುವಾಯ ಸದನದಲ್ಲಿ ಸುಮಾರು 2,000 ಜನರಾದರು. ರಮಾಬಾಯಿಯವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ ಭಾಷಾಂತರಿಸಿದರು. ಅದಕ್ಕೆ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಸದನದ ಹೆಣ್ಣುಮಕ್ಕಳೇ. ಅವರಲ್ಲಿ ಎಷ್ಟೋ ಜನರು ಬಂದಾಗ ಒಂದಕ್ಷರವನ್ನೂ ಅರಿತಿರಲಿಲ್ಲ.

1912ರಲ್ಲಿ ಆಕೆಯು ಆಗಿನ ನಿಜಾಮ ರಾಜ್ಯದ ನಮ್ಮ ಕಲಬುರ್ಗಿಯಲ್ಲಿ ಹುಡುಗಿಯರ ಹೈಸ್ಕೂಲನ್ನು ಸ್ಥಾಪಿಸಿ ಮನೋರಮೆಯನ್ನು ಅದಕ್ಕೆ ಮುಖ್ಯಸ್ಥೆಯಾಗಿ ನೇಮಿಸಿದರು. ಆ ಮಗಳು 1921ರಲ್ಲಿ ತಾಯಿಗಿಂತ ಮುಂಚೆ ಕರ್ತನಲ್ಲಿ ನಿದ್ರೆಹೋದಳು. ರಮಾಬಾಯಿಯವರು ಸತ್ಯವೇದದ ಕೆಲಸವನ್ನು ಮುಗಿಸಿ 1922ನೇ ಏಪ್ರಿಲ್ 5ರಂದು ಕೇಡಗಾಂವದಲ್ಲಿ ತೀರಿಕೊಂಡರು. ಸದನವು ಇಂದಿಗೂ ಅಲ್ಲಿ ನಡೆಯುತ್ತಿದೆ.