ಜಾಮಿನಿ ರಾಯ್: ಏಳು ಬಣ್ಣಗಳ ಬದುಕು

ಬಂಗಾಳದ ಬಾಂಕುರಾ ಜಿಲ್ಲೆಯ ಬೆಲಿಯಾತೋರ್ ಗ್ರಾಮದಲ್ಲಿ 1887ರ ಏಪ್ರಿಲ್ 11ರಂದು ಜಾಮಿನಿ ರಾಯ್ ಜನಿಸಿದರು. ಅದು ಕೆಂಪು ಮಣ್ಣಿನ ಸೀಮೆ. ಸುಟ್ಟ ಮಣ್ಣಿನ ಕುದುರೆಗಳನ್ನು ಮಾಡುವ ಕುಂಬಾರರು, ಪಟ ಬರೆಯುವ ಪಟುವಾಗಳು, ಸಂತಾಲರ ಊರುಗಳು ಇರುವ ನಾಡು. ಬಾಲ್ಯದಲ್ಲಿ ಕಂಡ ಈ ಕುಶಲತೆಗೆ ಕಲೆಯೆಂಬ ದೊಡ್ಡ ಹೆಸರಿದೆಯೆಂದು ಆಗ ಅವರಿಗೆ ಯಾರೂ ಹೇಳಿರಲಾರರು.

ಹದಿನಾರರ ವಯಸ್ಸಿನಲ್ಲಿ ಅವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದರು. ಅಲ್ಲಿ ಕಲಿತದ್ದು ಎಣ್ಣೆಬಣ್ಣ, ನೆರಳು ಬೆಳಕು, ದೂರ ಸಮೀಪಗಳ ಲೆಕ್ಕಾಚಾರ. 1908ರಲ್ಲಿ ಡಿಪ್ಲೊಮಾ ಪಡೆದು ಭಾವಚಿತ್ರಕಾರರಾದರು. ಕೈಯಲ್ಲಿ ಕಸುಬಿತ್ತು, ಬೇಡಿಕೆಯೂ ಇತ್ತು. ಆದರೂ 1920ರ ದಶಕದ ಆರಂಭಕ್ಕೆ ಆ ಕಸುಬು ಅವರಿಗೆ ಎರವಲು ಉಡುಪಿನಂತೆ ತೋರತೊಡಗಿತು. ಕಾಳೀಘಾಟ್ ದೇವಾಲಯದ ಬಳಿ ಯಾತ್ರಿಕರಿಗೆ ಮಾರುತ್ತಿದ್ದ ಪಟಗಳ ಬೀಸುಗೆರೆ ಅವರನ್ನು ಸೆಳೆಯಿತು. ಅಲ್ಲಿಯೂ ನಗರದ ನೆರಳನ್ನು ಕಂಡು, ಕೊನೆಗೆ ತಮ್ಮ ಹಳ್ಳಿಯ ಪಟುವಾಗಳ ಕಡೆಗೇ ತಿರುಗಿದರು. ಭಾವಚಿತ್ರಗಳ ಆದಾಯವನ್ನು ಬಿಟ್ಟುಕೊಟ್ಟ ಆ ವರ್ಷಗಳಲ್ಲಿ ಸಂಸಾರ ಬಡತನವನ್ನು ಕಂಡಿತು.

ಮೊದಲಿಗೆ ಅವರು ಬಣ್ಣವನ್ನೇ ಬಹುಮಟ್ಟಿಗೆ ದೂರವಿಟ್ಟರು. ತಿಳಿಯಾದ ನೆಲದ ಮೇಲೆ ಕಪ್ಪು ರೇಖೆ, ಅಷ್ಟೇ. ಕುಳಿತ ಹೆಣ್ಣಿನ ಬೆನ್ನು, ಸೆರಗಿನ ಮಡಿಕೆ, ತಾಯಿಯ ತೋಳಿನಲ್ಲಿರುವ ಮಗು ಎಲ್ಲವೂ ಕುಂಚದ ಕೆಲವೇ ಬೀಸುಗಳಲ್ಲಿ ಮೂಡಬೇಕಿತ್ತು. ಬಣ್ಣ ಮರಳಿ ಬಂದಾಗ ಅದು ಏಳಕ್ಕೆ ನಿಂತಿತು: ಜಾಜಿನ ಕೆಂಪು, ಹಳದಿ ಮಣ್ಣು, ಹಸಿರು, ಇಂಗಲೀಕ, ಬೂದು, ನೀಲಿ, ಬಿಳಿ. ಹೊರಗೆರೆಗೆ ದೀಪದ ಮಸಿ. ಕಲ್ಲಿನ ಪುಡಿ, ಮೆಕ್ಕಲು ಮಣ್ಣು, ನೀಲಿಗಿಡದ ನೀಲಿ, ಸೀಮೆಸುಣ್ಣ ಮುಂತಾದವು ಅವರ ಸಾಮಗ್ರಿ. ಅಂಟಿಗೆ ಹುಣಿಸೆ ಬೀಜ. ವಿಲಾಯಿತಿಯ ಕ್ಯಾನ್ವಾಸ್ ಬಿಟ್ಟು ಬಟ್ಟೆ, ಚಾಪೆ, ಮರದ ಹಲಗೆಗಳ ಮೇಲೆ ಬರೆದರು.

ಚಿತ್ರ ಬರೆಯಲು ಆಗತಾನೇ ಕುಂಚ ಹಿಡಿದವರಿಗೆ ಇಲ್ಲಿ ಕಲಿಯಲು ಬಹಳವಿದೆ. ಬಣ್ಣಗಳು ಹೆಚ್ಚಾದಂತೆ ರೇಖೆಯ ದೋಷವನ್ನು ಮುಚ್ಚುವ ಆಸೆಯೂ ಹೆಚ್ಚುತ್ತದೆ. ರಾಯ್ ಅವರ ಚಿತ್ರಗಳಲ್ಲಿ ನೆರಳಿಲ್ಲ, ಮಿಶ್ರಣದ ಮಬ್ಬಿಲ್ಲ. ಗೆರೆ ಸೋತರೆ ಚಿತ್ರವೇ ಸೋತಂತೆ. ಸೀರೆಯಲ್ಲಿ ಕಂಡ ಕೆಂಪು ಆನೆಯ ಜೂಲಿನಲ್ಲಿಯೂ ಅಂಚಿನ ಬಳ್ಳಿಯಲ್ಲಿಯೂ ಮರುಕಳಿಸುವುದರಿಂದ ಇಡೀ ಫಲಕ ಒಂದಾಗಿ ನಿಲ್ಲುತ್ತದೆ. ಜಾಜಿನ ಪಕ್ಕದಲ್ಲಿಟ್ಟ ಬರಿಯ ಬೂದು ತಣ್ಣಗೆ, ತುಸು ನೀಲಿಯಾಗಿ ಕಾಣುತ್ತದೆ. ನೆರೆಯ ಬಣ್ಣವೇ ಇಲ್ಲದ ಬಣ್ಣವನ್ನು ಹುಟ್ಟಿಸುತ್ತದೆ. ಭಾಮಿನಿಯ ಮಾತ್ರಾಗಣಗಳ ಕಟ್ಟಿನೊಳಗೇ ಇಡೀ ಭಾರತ ನಡೆದುದನ್ನು ಓದಿದ ಕನ್ನಡ ವಿದ್ಯಾರ್ಥಿಗಳಿಗೆ ಇದು ಅಚ್ಚರಿಯಾಗಬೇಕಿಲ್ಲ.

ಇದೇ ಬಣ್ಣಗಳಲ್ಲಿ ಅವರು ಕೃಷ್ಣ ಬಲರಾಮರನ್ನೂ ರಾಮಾಯಣವನ್ನೂ ಸಂತಾಲ ಹೆಣ್ಣುಗಳನ್ನೂ ಬರೆದರು. ಸ್ವತಃ ಕ್ರೈಸ್ತರಲ್ಲದಿದ್ದರೂ ಕ್ರಿಸ್ತನನ್ನು ಮತ್ತೆ ಮತ್ತೆ ಬರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತೆಗೆ ಬಂದ ಪರದೇಶದ ಸೈನಿಕರು ಈ ಚಿತ್ರಗಳನ್ನು ಕೊಂಡೊಯ್ದರು. 1946ರಲ್ಲಿ ಲಂಡನ್ನಿನಲ್ಲಿ, 1953ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗಳು ನಡೆದವು.

ಆಕ್ಷೇಪವೂ ಇತ್ತು. ಮನೆಯವರ ನೆರವಿನಿಂದ ಒಂದೇ ಚಿತ್ರದ ಹಲವು ಪ್ರತಿಗಳನ್ನು ಮಾಡುತ್ತಿದ್ದರು. ಬಾದಾಮಿ ಕಣ್ಣಿನ ಅದೇ ಮುಖಗಳು ಮರಳುತ್ತಿದ್ದವು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕೆಲವು ಪ್ರತಿಗಳು ಅಭ್ಯಾಸಬಲದಿಂದ ಹುಟ್ಟಿದಂತಿವೆ. ಆದರೆ ಪಟುವಾನ ಪಟದಂತೆ ತಮ್ಮ ಚಿತ್ರವೂ ಸಾಮಾನ್ಯರ ಮನೆಯ ಗೋಡೆಗೆ ಸಲ್ಲಬೇಕೆಂಬುದು ಅವರ ಹಟವಾಗಿತ್ತು. ಆದ್ದರಿಂದಲೇ ಬೆಲೆಯನ್ನು ಕಡಿಮೆ ಇಟ್ಟರು.

1972ರ ಏಪ್ರಿಲ್ 24ರಂದು ರಾಯ್ ತೀರಿಕೊಂಡರು. ನಾಲ್ಕು ವರ್ಷಗಳ ಬಳಿಕ ಸರ್ಕಾರ ಅವರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿಯೆಂದು ಸಾರಿತು. ಒಂದು ಕಾಲಕ್ಕೆ ಸೈನಿಕರ ಪೆಟ್ಟಿಗೆಗಳಲ್ಲಿ ಕಡಲು ದಾಟುತ್ತಿದ್ದ ಆ ಚಿತ್ರಗಳು ಅಂದಿನಿಂದ ದೇಶದ ಎಲ್ಲೆಯನ್ನು ದಾಟಿ ಮಾರಾಟವಾಗುವಂತಿಲ್ಲ.